ಕೀಟನಾಶಕಗಳಿಂದ ಹಕ್ಕಿ ಮತ್ತು ಸಸ್ತನಿಗಳಿಗೆ ಆಗುವ ಅಪಾಯದ ಅಂದಾಜು: ಉದ್ಯಾವರದ ಬೈಲು ಗದ್ದೆಗಳಿಗೆ ಒಂದು ಮಾರ್ಗದರ್ಶಿ

ಪೀಠಿಕೆ

ಉಡುಪಿಯ ದಕ್ಷಿಣಕ್ಕಿರುವ ಉದ್ಯಾವರದಲ್ಲಿ ಹೊಳೆಯೂ ಗದ್ದೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಮಳೆಗಾಲದ ಭತ್ತ, ಅದರ ನಂತರದ ಉದ್ದು, ಹುರುಳಿ, ಅಲಸಂದೆ ಹಾಗೂ ತರಕಾರಿ, ಮನೆಯಂಗಳದ ತೆಂಗು, ಸಮೀಪದ ಮಟ್ಟು ಗ್ರಾಮದ ಗುಳ್ಳ ಬದನೆ ಇವೆಲ್ಲವೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಬೆಳೆಯುತ್ತವೆ. ಉಳುಮೆಯ ಹಿಂದೆ ಬೆಳ್ಳಕ್ಕಿಗಳ ಹಿಂಡು ಬರುತ್ತದೆ. ಬದುವಿನಲ್ಲಿ ಹುಂಡುಕೋಳಿ, ಹೊಳೆಯ ಅಂಚಿನಲ್ಲಿ ಮಿಂಚುಳ್ಳಿ, ತೆಂಗಿನ ತುದಿಯಲ್ಲಿ ಗರುಡ, ಇರುಳಿನಲ್ಲಿ ಕಣಜ ಗೂಬೆ ಮತ್ತು ಬಾವಲಿ, ಬೇಲಿಯ ಸಂದಿಯಲ್ಲಿ ಮುಂಗುಸಿ ಕಾಣಸಿಗುತ್ತವೆ. ಇವುಗಳಲ್ಲಿ ಬಹುಪಾಲು ಜೀವಿಗಳು ಹುಳು, ಏಡಿ, ಇಲಿಗಳನ್ನು ತಿಂದು ರೈತನಿಗೆ ಸಂಬಳವಿಲ್ಲದೆ ದುಡಿಯುತ್ತವೆ.

ಇದೇ ಗದ್ದೆಗೆ ನಾವು ಕೀಟನಾಶಕವನ್ನೂ ಬಳಸುತ್ತೇವೆ. ಔಷಧಿ ಆಯ್ಕೆ ಮಾಡುವಾಗ ರೈತರು ಸಾಮಾನ್ಯವಾಗಿ ಮೂರು ವಿಷಯಗಳನ್ನು ವಿಚಾರಿಸುತ್ತಾರೆ: ಹುಳು ಸಾಯುತ್ತದೆಯೇ, ಬೆಲೆ ಎಷ್ಟು, ಸಿಂಪಡಿಸುವವನಿಗೆ ಅಪಾಯವಿದೆಯೇ. ಗದ್ದೆಗೆ ಬರುವ ಹಕ್ಕಿಗೆ, ಬದುವಿನ ಹುಲ್ಲು ಮೇಯುವ ಹಸುವಿಗೆ ಏನಾಗುತ್ತದೆ ಎಂಬ ನಾಲ್ಕನೆಯ ಪ್ರಶ್ನೆ ಅಪರೂಪ. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ಅದಕ್ಕೂ ಉತ್ತರ ಕೊಡುತ್ತದೆ ಎಂಬುದು ಹಲವರ ನಂಬಿಕೆ. ಆದರೆ ಆ ತ್ರಿಕೋನವು ಹಕ್ಕಿಯ ಕುರಿತು ಏನನ್ನೂ ಹೇಳುವುದಿಲ್ಲ. ಅಪಾಯವನ್ನು ಅಂದಾಜಿಸಲು ವಿಷದ ತೀವ್ರತೆಯ ಜೊತೆಗೆ ಜೀವಿಯ ದೇಹಕ್ಕೆ ಸೇರುವ ಪ್ರಮಾಣವೂ ತಿಳಿದಿರಬೇಕು. ಈ ಅಂದಾಜನ್ನು ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರು ಗದ್ದೆಯ ಬದಿಯಲ್ಲಿಯೇ ಮಾಡಿಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ತ್ರಿಕೋನದ ಬಣ್ಣ ಹೇಳುವುದೇನು?

ಕೀಟನಾಶಕ ಕಾಯ್ದೆ 1968 ಮತ್ತು ಅದರಡಿಯ 1971ರ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೆ ವಿಷತ್ವದ ಗುರುತು ಕಡ್ಡಾಯ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಸಾಯಿಸುವ ಪ್ರಮಾಣಕ್ಕೆ ‘ಎಲ್‌ಡಿ 50’ ಎನ್ನುತ್ತಾರೆ. ಇದನ್ನು ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯಲಾಗುತ್ತದೆ. ಅಂಕಿ ಚಿಕ್ಕದಾದಷ್ಟೂ ವಿಷ ಹೆಚ್ಚು. ಬಾಯಿಯ ಮೂಲಕ ಸೇವಿಸಿದಾಗಿನ ಮೌಲ್ಯದ ಆಧಾರದಲ್ಲಿ ವರ್ಗಗಳು ಹೀಗಿವೆ:

- ಕೆಂಪು: 1ರಿಂದ 50 ಮಿ.ಗ್ರಾಂ (ಅತ್ಯಂತ ವಿಷಕಾರಿ)
- ಹಳದಿ: 51ರಿಂದ 500 ಮಿ.ಗ್ರಾಂ (ಹೆಚ್ಚು ವಿಷಕಾರಿ)
- ನೀಲಿ: 501ರಿಂದ 5,000 ಮಿ.ಗ್ರಾಂ (ಮಧ್ಯಮ ವಿಷಕಾರಿ)
- ಹಸಿರು: 5,000 ಮಿ.ಗ್ರಾಂಗಿಂತ ಹೆಚ್ಚು (ಅಲ್ಪ ವಿಷಕಾರಿ)

ಈ ಪರೀಕ್ಷೆ ನಡೆಯುವುದು ಮುಖ್ಯವಾಗಿ ಇಲಿಗಳ ಮೇಲೆ. ಇಲಿಯೂ ಮನುಷ್ಯನೂ ಸಸ್ತನಿಗಳಾದ್ದರಿಂದ ಸಿಂಪಡಿಸುವವನ ಸುರಕ್ಷತೆಗೆ ಈ ಗುರುತು ಉಪಯುಕ್ತ. ಹಕ್ಕಿಯ ದೇಹ ಬೇರೆ. ಕೆಲವು ವಿಷಗಳನ್ನು ಒಡೆದು ಹೊರಹಾಕುವ ಕಿಣ್ವಗಳು ಹಕ್ಕಿಗಳಲ್ಲಿ ಸಸ್ತನಿಗಳಿಗಿಂತ ದುರ್ಬಲ. ಆದಕಾರಣ ಒಂದೇ ಔಷಧಿ ಇಲಿಗೆ ಸೌಮ್ಯವಾಗಿಯೂ ಹಕ್ಕಿಗೆ ಮಾರಕವಾಗಿಯೂ ಇರಬಹುದು, ಇದಕ್ಕೆ ವಿರುದ್ಧವೂ ಆಗಬಹುದು. ಕೆಳಗಿನ ಕೋಷ್ಟಕದಲ್ಲಿ ಮೂಲ ರಾಸಾಯನಿಕಗಳ ಅಂದಾಜು ಎಲ್‌ಡಿ 50 ಮೌಲ್ಯಗಳಿವೆ (ಮಿ.ಗ್ರಾಂ/ಕಿ.ಗ್ರಾಂ ದೇಹತೂಕ).

| ಕೀಟನಾಶಕ | ಇಲಿ | ಹಕ್ಕಿ |
|---|---|---|
| ಕಾರ್ಬೋಫ್ಯುರಾನ್ | ಸುಮಾರು 8 | ಬಾತು: ಸುಮಾರು 0.4 |
| ಮೊನೊಕ್ರೊಟೊಫಾಸ್ | ಸುಮಾರು 18 | ಕಾಡು ಕ್ವೇಲ್: ಸುಮಾರು 1 |
| ಕ್ಲೋರ್‌ಪೈರಿಫಾಸ್ | ಸುಮಾರು 135 | ಗುಬ್ಬಚ್ಚಿ: ಸುಮಾರು 10 |
| ಫಿಪ್ರೊನಿಲ್ | ಸುಮಾರು 97 | ಕಾಡು ಕ್ವೇಲ್: ಸುಮಾರು 11; ಬಾತು: 2,000ಕ್ಕೂ ಹೆಚ್ಚು |
| ಇಮಿಡಾಕ್ಲೋಪ್ರಿಡ್ | ಸುಮಾರು 450 | ಗುಬ್ಬಚ್ಚಿ: ಸುಮಾರು 41 |
| ಲ್ಯಾಂಬ್ಡಾ ಸೈಹಲೋಥ್ರಿನ್ | 56ರಿಂದ 79 | ಬಾತು: 3,900ಕ್ಕೂ ಹೆಚ್ಚು |
| ಕ್ಲೋರಾಂಟ್ರಾನಿಲಿಪ್ರೋಲ್ | 5,000ಕ್ಕೂ ಹೆಚ್ಚು | ಕಾಡು ಕ್ವೇಲ್: 2,250ಕ್ಕೂ ಹೆಚ್ಚು |

ಇಮಿಡಾಕ್ಲೋಪ್ರಿಡ್ ಮತ್ತು ಲ್ಯಾಂಬ್ಡಾ ಸೈಹಲೋಥ್ರಿನ್ ಸಾಲುಗಳನ್ನು ಹೋಲಿಸಿರಿ. ಇಲಿಯ ಮೌಲ್ಯದ ಪ್ರಕಾರ ಎರಡೂ ಹಳದಿ ವರ್ಗಕ್ಕೆ ಸೇರುತ್ತವೆ. ಇಲಿಗೆ ಹೆಚ್ಚು ವಿಷಕಾರಿಯಾದದ್ದು ಎರಡನೆಯದು, ಹಕ್ಕಿಗೆ ಹೆಚ್ಚು ವಿಷಕಾರಿಯಾದದ್ದು ಮೊದಲನೆಯದು. ಹಕ್ಕಿಗಳ ನಡುವೆಯೂ ವ್ಯತ್ಯಾಸವಿದೆ ಎಂಬುದನ್ನು ಫಿಪ್ರೊನಿಲ್ ಸಾಲು ತೋರಿಸುತ್ತದೆ. ಒಂದು ಜಾತಿಯ ಹಕ್ಕಿಗೆ ಏನೂ ಆಗಲಿಲ್ಲ ಎಂಬ ಅನುಭವದಿಂದ ಎಲ್ಲ ಹಕ್ಕಿಗಳಿಗೂ ಸುರಕ್ಷಿತ ಎಂಬ ತೀರ್ಮಾನಕ್ಕೆ ಬರಬಾರದು.

ಮತ್ತೊಂದು ಎಚ್ಚರಿಕೆಯೂ ಅಗತ್ಯ. ಲ್ಯಾಂಬ್ಡಾ ಸೈಹಲೋಥ್ರಿನ್‌ನಂತಹ ಪೈರೆಥ್ರಾಯ್ಡ್‌ಗಳು ಹಕ್ಕಿಗೆ ಸೌಮ್ಯವಾದರೂ ಮೀನು, ಸಿಗಡಿ, ಏಡಿಗಳಿಗೆ ತೀವ್ರ ವಿಷ. ಕ್ಲೋರಾಂಟ್ರಾನಿಲಿಪ್ರೋಲ್ ಕೂಡ ನೀರಿನ ಸಣ್ಣ ಚಿಪ್ಪುಜೀವಿಗಳಿಗೆ ಹಾನಿಕರ. ಹೊಳೆಯ ಮಗ್ಗುಲಲ್ಲಿ ಗದ್ದೆಯಿರುವ ಊರಿನಲ್ಲಿ ಇದನ್ನು ಮರೆಯುವಂತಿಲ್ಲ. ಹೊಳೆಯ ಆಹಾರ ಕಡಿಮೆಯಾದರೆ ಮಿಂಚುಳ್ಳಿಗೂ ಕೊಕ್ಕರೆಗೂ ಹಸಿವು, ಮರುವಾಯಿ ಹೆಕ್ಕುವ ಕುಟುಂಬಗಳಿಗೂ ನಷ್ಟ.

ವಿಷವು ಜೀವಿಯನ್ನು ತಲುಪುವ ದಾರಿಗಳು

1. ಹರಳುರೂಪದ ಔಷಧಿ: ಕಾಳು ತಿನ್ನುವ ಹಕ್ಕಿಗಳು ಆಹಾರ ಅರೆಯಲು ಸಣ್ಣ ಕಲ್ಲುಗಳನ್ನು ನುಂಗುತ್ತವೆ. ಸಸಿಮಡಿಯ ಮೇಲೆ ಬಿದ್ದ ಹರಳುಗಳನ್ನು ಅವು ಕಲ್ಲೆಂದೋ ಕಾಳೆಂದೋ ಹೆಕ್ಕುತ್ತವೆ. ಕಾರ್ಬೋಫ್ಯುರಾನ್‌ನ ಒಂದೇ ಹರಳು ಸಣ್ಣ ಹಕ್ಕಿಯನ್ನು ಕೊಲ್ಲಬಲ್ಲದು. ಈ ಕಾರಣದಿಂದ ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲೇ ಅದರ ಹರಳುರೂಪದ ಬಳಕೆಯನ್ನು ಬಹುತೇಕ ನಿಲ್ಲಿಸಲಾಯಿತು. ನಮ್ಮಲ್ಲಿ 2023ರ ಕೇಂದ್ರ ಸರ್ಕಾರದ ಆದೇಶದಂತೆ ಶೇ. 3ರ ಲೇಪಿತ ಹರಳನ್ನು ಬಿಟ್ಟು ಉಳಿದ ಕಾರ್ಬೋಫ್ಯುರಾನ್ ರೂಪಗಳನ್ನು ಕೈಬಿಡಲಾಗಿದೆ. ಹಿಂದೆ ಗದ್ದೆಗಳಲ್ಲಿ ಸಾಮಾನ್ಯವಾಗಿದ್ದ ಫೋರೇಟ್ ಹರಳನ್ನು 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ.

2. ಉಪಚರಿಸಿದ ಬೀಜ: ಬೀಜಕ್ಕೆ ಲೇಪಿಸಿದ ಔಷಧಿ ಎಕರೆಯ ಲೆಕ್ಕದಲ್ಲಿ ಅಲ್ಪವೆನಿಸಿದರೂ ಒಂದೊಂದು ಕಾಳಿನಲ್ಲಿ ಸಾಂದ್ರವಾಗಿರುತ್ತದೆ. ಮಣ್ಣಿನ ಮೇಲೆ ಉಳಿದ ಕಾಳು, ಗದ್ದೆಯ ಮೂಲೆಯಲ್ಲಿ ಚೆಲ್ಲಿದ ರಾಶಿ, ಅಂಗಳದಲ್ಲಿ ಉಳಿದ ಚೀಲ ಅಪಾಯದ ಮೂಲಗಳು. ರಾಜಸ್ಥಾನದ ಭರತ್‌ಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ 1980ರ ದಶಕದ ಕೊನೆಯ ಚಳಿಗಾಲಗಳಲ್ಲಿ ಸಾರಸ್ ಕೊಕ್ಕರೆಗಳೂ ಕಾಳು ತಿನ್ನುವ ಇತರ ಹಕ್ಕಿಗಳೂ ಸತ್ತದ್ದಕ್ಕೆ ಸುತ್ತಲಿನ ಹೊಲಗಳಲ್ಲಿ ಬಳಸಿದ ಆಲ್ಡ್ರಿನ್ ಕಾರಣವೆಂದು ಪರೀಕ್ಷೆಗಳಿಂದ ತಿಳಿದುಬಂತು.

3. ವಿಷವುಂಡ ಕೀಟ: ಸಿಂಪಡಣೆಯ ನಂತರ ಸಾಯುತ್ತಿರುವ ಹುಳುಗಳು ಓಡಲಾರವು. ಕಾಜಾಣ, ಮೈನಾ, ಬೆಳ್ಳಕ್ಕಿಗಳಿಗೆ ಅದು ಸುಲಭದ ಊಟ. ಅರ್ಜೆಂಟೀನಾದಲ್ಲಿ 1995–96ರ ಬೇಸಿಗೆಯಲ್ಲಿ ಮಿಡತೆಗಳಿಗೆ ಮೊನೊಕ್ರೊಟೊಫಾಸ್ ಸಿಂಪಡಿಸಿದಾಗ ಅವನ್ನು ತಿಂದ ಸ್ವೇನ್ಸನ್ ಗಿಡುಗಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಸಾವಿನ ಒಟ್ಟು ಅಂದಾಜು 20,000.

4. ವಿಷವುಂಡ ಇಲಿ: ಬ್ರೊಮಾಡಿಯೊಲೋನ್ ತಿಂದ ಇಲಿ ರಕ್ತ ಹೆಪ್ಪುಗಟ್ಟದೆ ಕೆಲವು ದಿನಗಳ ನಂತರ ಸಾಯುತ್ತದೆ. ಆ ದಿನಗಳಲ್ಲಿ ಅದು ನಿಧಾನವಾಗಿ ಬಯಲಿನಲ್ಲಿ ಓಡಾಡುತ್ತದೆ. ಅದರ ಯಕೃತ್ತಿನಲ್ಲಿ ಉಳಿದ ವಿಷ ಗೂಬೆ, ಮುಂಗುಸಿ, ನರಿ, ಮನೆಯ ಬೆಕ್ಕುಗಳಿಗೆ ಸೇರುತ್ತದೆ. ಸತು ಫಾಸ್ಫೈಡ್‌ನಲ್ಲಿ ಈ ಎರಡನೆಯ ಹಂತದ ಅಪಾಯ ಕಡಿಮೆ. ಆದರೆ ತೆರೆದಿಟ್ಟ ಅಕ್ಕಿ ಪಾಷಾಣವನ್ನು ನೇರವಾಗಿ ತಿನ್ನುವ ಕೋಳಿ, ಪಾರಿವಾಳ, ನವಿಲುಗಳಿಗೆ ಅದು ಮಾರಕ.

5. ಹುಲ್ಲು ಮತ್ತು ನೀರು: ಸಿಂಪಡಣೆಯ ಶೇಷ ಅತಿ ಹೆಚ್ಚು ಉಳಿಯುವುದು ಗಿಡ್ಡ ಹುಲ್ಲಿನ ಮೇಲೆ. ಬದುವಿನ ಹುಲ್ಲು ಹಸುವಿನ ಆಹಾರ. ಪಂಪು ತೊಳೆದ ನೀರು, ಡಬ್ಬಿಯಲ್ಲಿ ನಿಂತ ಮಳೆನೀರು ನಾಯಿ, ಹಕ್ಕಿಗಳ ಕುಡಿಯುವ ನೀರಾಗುತ್ತದೆ.

ಅಪಾಯದ ಲೆಕ್ಕ

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಹಕ್ಕಿ ಮತ್ತು ಸಸ್ತನಿಗಳ ಅಪಾಯ ಅಂದಾಜಿಗೆ 2009ರಲ್ಲಿ ಮಾರ್ಗಸೂಚಿ ಪ್ರಕಟಿಸಿ 2023ರಲ್ಲಿ ಅದನ್ನು ಪರಿಷ್ಕರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಇಂಥದೇ ವಿಧಾನ ಅನುಸರಿಸುತ್ತದೆ. ಎರಡರ ತಿರುಳು ಒಂದೇ: ಜೀವಿ ತಾಳಬಲ್ಲ ಪ್ರಮಾಣವನ್ನೂ ಅದರ ಹೊಟ್ಟೆಗೆ ಸೇರುವ ಪ್ರಮಾಣವನ್ನೂ ಹೋಲಿಸುವುದು.

ಸುರಕ್ಷತೆಯ ಅನುಪಾತ = ಎಲ್‌ಡಿ 50 ÷ ದಿನವೊಂದಕ್ಕೆ ದೇಹ ಸೇರುವ ವಿಷ (ಎರಡೂ ಮಿ.ಗ್ರಾಂ/ಕಿ.ಗ್ರಾಂ ದೇಹತೂಕ)

ಯುರೋಪಿನ ಪದ್ಧತಿಯಲ್ಲಿ ತತ್‌ಕ್ಷಣದ ವಿಷತ್ವಕ್ಕೆ ಈ ಅನುಪಾತ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲ ಹಂತದಲ್ಲಿ ಸುರಕ್ಷಿತವೆಂದು ಪರಿಗಣಿಸುತ್ತಾರೆ. ಸಂತಾನೋತ್ಪತ್ತಿಯ ಮೇಲಿನ ದೀರ್ಘಕಾಲದ ಪರಿಣಾಮಕ್ಕೆ, ಹಾನಿ ಕಾಣದ ಪ್ರಮಾಣವನ್ನು ಆಧರಿಸಿ, 5 ಎಂಬ ಮಿತಿ ಇದೆ. ಅನುಪಾತ ಇದಕ್ಕಿಂತ ಕಡಿಮೆಯಾದರೆ ಹೆಚ್ಚಿನ ಪರಿಶೀಲನೆ ಅಥವಾ ಬೇರೆ ಔಷಧಿ ಅಗತ್ಯ.

ಹೆಕ್ಟೇರಿಗೆ 1 ಕಿ.ಗ್ರಾಂ ಮೂಲ ವಿಷ ಸಿಂಪಡಿಸಿದ ದಿನ ಆಹಾರದಲ್ಲಿರಬಹುದಾದ ಗರಿಷ್ಠ ಶೇಷವನ್ನು ಅಮೆರಿಕದ ಪದ್ಧತಿಯಲ್ಲಿ ಸುಮಾರು ಹೀಗೆ ಎಣಿಸುತ್ತಾರೆ: ಗಿಡ್ಡ ಹುಲ್ಲಿನಲ್ಲಿ ಕಿಲೋಗೆ 214 ಮಿ.ಗ್ರಾಂ, ಕೀಟಗಳಲ್ಲಿ 84 ಮಿ.ಗ್ರಾಂ, ಕಾಳುಗಳಲ್ಲಿ 13 ಮಿ.ಗ್ರಾಂ.

ಉದಾಹರಣೆ 1: ಭತ್ತದ ಗದ್ದೆಯ ಸಿಂಪಡಣೆ

ಕ್ಲೋರ್‌ಪೈರಿಫಾಸ್ 20 ಇ.ಸಿ.ಯನ್ನು ಹೆಕ್ಟೇರಿಗೆ 1.25 ಲೀಟರ್ ಬಳಸಿದರೆ ಮೂಲ ವಿಷ 250 ಗ್ರಾಂ.

- ಕೀಟಗಳಲ್ಲಿನ ಶೇಷ: 0.25 × 84 = ಕಿಲೋಗೆ 21 ಮಿ.ಗ್ರಾಂ
- 20 ಗ್ರಾಂ ತೂಕದ ಕೀಟಾಹಾರಿ ಹಕ್ಕಿ ದಿನಕ್ಕೆ ತಿನ್ನುವ ಹುಳು: ಸುಮಾರು 23 ಗ್ರಾಂ
- ದೇಹ ಸೇರುವ ವಿಷ: ಸುಮಾರು 0.48 ಮಿ.ಗ್ರಾಂ, ಅಂದರೆ ದೇಹತೂಕದ ಕಿಲೋಗೆ 24 ಮಿ.ಗ್ರಾಂ
- ಗುಬ್ಬಚ್ಚಿಯ ಎಲ್‌ಡಿ 50 ಸುಮಾರು 10; ಅನುಪಾತ 10 ÷ 24 = 0.4

ಇದು 10ರ ಮಿತಿಗಿಂತ ಬಹಳ ಕೆಳಗಿದೆ. ಅದೇ ಗದ್ದೆಯಲ್ಲಿ ಕಾಂಡ ಕೊರಕ ಮತ್ತು ಎಲೆ ಸುರುಳಿ ಹುಳುವಿಗೆ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್.ಸಿ.ಯನ್ನು ಹೆಕ್ಟೇರಿಗೆ 150 ಮಿ.ಲೀ. ಬಳಸಿದರೆ ಮೂಲ ವಿಷ ಸುಮಾರು 28 ಗ್ರಾಂ ಮಾತ್ರ. ಮೇಲಿನಂತೆಯೇ ಲೆಕ್ಕಿಸಿದರೆ ಹಕ್ಕಿಯ ದೇಹ ಸೇರುವ ವಿಷ ಕಿಲೋಗೆ ಸುಮಾರು 2.7 ಮಿ.ಗ್ರಾಂ, ಅನುಪಾತ 800ಕ್ಕೂ ಹೆಚ್ಚು. ಹುಳು ಒಂದೇ, ಗದ್ದೆ ಒಂದೇ, ಹಕ್ಕಿಯ ಅಪಾಯದಲ್ಲಿ ಇಷ್ಟು ಅಂತರ.

ಸಸ್ತನಿಗೂ ಇದೇ ಸೂತ್ರ ಅನ್ವಯಿಸುತ್ತದೆ. ತನ್ನ ತೂಕದಷ್ಟೇ ಹುಳು ತಿನ್ನುವ ಸೊಂಡಿಲಿಗೆ ಕ್ಲೋರ್‌ಪೈರಿಫಾಸ್‌ನ ಸೇವನೆ ಕಿಲೋಗೆ ಸುಮಾರು 21 ಮಿ.ಗ್ರಾಂ ಆಗುತ್ತದೆ. ಇಲಿಯ ಎಲ್‌ಡಿ 50 ಆದ 135ನ್ನು ಅದರಿಂದ ಭಾಗಿಸಿದರೆ ಅನುಪಾತ 6ರ ಸುಮಾರು. ಹಕ್ಕಿಗಿಂತ ಸ್ಥಿತಿ ಉತ್ತಮ, ಆದರೂ ಮಿತಿಗಿಂತ ಕೆಳಗೆ.

ಉದಾಹರಣೆ 2: ಲೇಪಿಸಿದ ಬೀಜ

ಕಿಲೋ ಬೀಜಕ್ಕೆ 1 ಗ್ರಾಂ ಇಮಿಡಾಕ್ಲೋಪ್ರಿಡ್ ಲೇಪನವಾಗಿದೆ ಎಂದು ಭಾವಿಸೋಣ (ಇದು ಲೆಕ್ಕಕ್ಕಾಗಿ ಮಾತ್ರ, ಶಿಫಾರಸಲ್ಲ). ಆಗ ಒಂದು ಗ್ರಾಂ ಬೀಜದಲ್ಲಿ 1 ಮಿ.ಗ್ರಾಂ ವಿಷವಿರುತ್ತದೆ. 25 ಗ್ರಾಂ ತೂಕದ ಗುಬ್ಬಚ್ಚಿಗೆ ಎಲ್‌ಡಿ 50 ಮುಟ್ಟಲು 1 ಮಿ.ಗ್ರಾಂ, ಅಂದರೆ ಒಂದು ಗ್ರಾಂ ಬೀಜ ಸಾಕು. ಸಾವಿರ ಕಾಳಿಗೆ 25 ಗ್ರಾಂ ತೂಗುವ ಭತ್ತದಲ್ಲಿ ಅದು 40 ಕಾಳು. 4 ಕಿಲೋ ತೂಕದ ನವಿಲಿಗೆ, ಕ್ವೇಲ್ ಹಕ್ಕಿಯ ಮೌಲ್ಯವಾದ 31ನ್ನು ಹಿಡಿದರೆ, 124 ಗ್ರಾಂ ಬೀಜ ಬೇಕಾಗುತ್ತದೆ. ದೇಹ ಚಿಕ್ಕದಾದಷ್ಟೂ ಅಪಾಯ ಹತ್ತಿರ ಎಂಬುದು ಇದರ ತಾತ್ಪರ್ಯ. ರಾಟವಾಳ, ಗುಬ್ಬಚ್ಚಿಗಳು ಹೊಟ್ಟು ಸುಲಿದು ತಿನ್ನುವುದರಿಂದ ಅವುಗಳ ಸೇವನೆ ಸ್ವಲ್ಪ ತಗ್ಗಬಹುದು. ಪಾರಿವಾಳ ಮತ್ತು ನವಿಲು ಇಡೀ ಕಾಳನ್ನೇ ನುಂಗುತ್ತವೆ.

ಲೆಕ್ಕದ ಮಿತಿಗಳು

ಮೇಲಿನ ಲೆಕ್ಕ ಹಕ್ಕಿಯು ಇಡೀ ದಿನ ಅದೇ ಗದ್ದೆಯಲ್ಲಿ ತಿಂದಿತೆಂದು ಊಹಿಸುತ್ತದೆ. ವಾಸ್ತವದಲ್ಲಿ ಅದು ಹಲವೆಡೆ ತಿನ್ನುತ್ತದೆ, ಮಳೆ ಮತ್ತು ಬಿಸಿಲಿನಿಂದ ಶೇಷವೂ ಇಳಿಯುತ್ತದೆ. ಆದ್ದರಿಂದ ಕಡಿಮೆ ಅನುಪಾತ ಬಂದಾಗ ಪ್ರತಿ ಹಕ್ಕಿಯೂ ಸಾಯುತ್ತದೆಂದಲ್ಲ. ಆ ಔಷಧಿಯನ್ನು ಆ ರೀತಿಯಲ್ಲಿ ಬಳಸುವ ಮೊದಲು ನಿಲ್ಲಬೇಕು ಎಂದರ್ಥ. ಇನ್ನೊಂದು ಕಡೆ, ಸಾಯದ ಹಕ್ಕಿಗೂ ತೊಂದರೆಯಿದೆ. ರಂಜಕಯುಕ್ತ ಮತ್ತು ಕಾರ್ಬಮೇಟ್ ಔಷಧಿಗಳು ನರಗಳ ಕಿಣ್ವವನ್ನು ತಡೆದು ಹಕ್ಕಿಯನ್ನು ನಿಶ್ಶಕ್ತಗೊಳಿಸುತ್ತವೆ. ಮರಿಗಳಿಗೆ ಊಟ ತರಲಾಗದ ತಾಯಿ ಹಕ್ಕಿ ಬದುಕಿದ್ದರೂ ಆ ಗೂಡು ನಾಶವಾದಂತೆಯೇ.

ನೆರೆಯ ಗುಡ್ಡಗಳ ಪಾಠ

ಸೇವನೆಯ ದಾರಿಯನ್ನು ಎಣಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕರಾವಳಿಯಲ್ಲಿಯೇ ಉದಾಹರಣೆಯಿದೆ. ಕಾಸರಗೋಡು ಜಿಲ್ಲೆಯ ಗೇರು ತೋಟಗಳಲ್ಲಿ ಟೀ ಸೊಳ್ಳೆಯ ನಿಯಂತ್ರಣಕ್ಕಾಗಿ 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಗೇರು ತೋಟಗಳಲ್ಲಿಯೂ ಅದರ ಬಳಕೆ ನಡೆಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ಗುಡ್ಡದ ಮೇಲೆ ತೋಟ, ಕೆಳಗಿನ ಕಣಿವೆಯಲ್ಲಿ ಮನೆ, ತೋಡು ಮತ್ತು ಕುಡಿಯುವ ನೀರಿನ ಸುರಂಗಗಳು. ಸಿಂಪಡಿಸಿದ ವಿಷ ಎಲೆಗಳಲ್ಲಷ್ಟೇ ನಿಲ್ಲಲಿಲ್ಲ. ಜೇನುನೊಣ ಮತ್ತು ಮೀನುಗಳ ಸಾವು, ಅಂಗವಿಕಲ ಕರುಗಳ ಜನನವನ್ನು ಊರವರು ಗುರುತಿಸಿದರು. ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಕರುಗಳ ಕುರಿತು ಬರೆದಿದ್ದರು. ಮನುಷ್ಯರ ಕಾಯಿಲೆಗಳು ನಾಡಿನ ಗಮನಕ್ಕೆ ಬಂದದ್ದು ಅದಕ್ಕಿಂತ ಬಹಳ ತಡವಾಗಿ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್‌ನ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ದೇಶದಾದ್ಯಂತ ತಡೆಯಿತು.

ಕೊಟ್ಟಿಗೆಯ ಕರುವೂ ಹೊಳೆಯ ಮೀನೂ ಮೊದಲ ಎಚ್ಚರಿಕೆ ನೀಡಿದ್ದವು. ಹಕ್ಕಿ ಮತ್ತು ಪ್ರಾಣಿಗಳ ಮೇಲಿನ ಅಪಾಯದ ಅಂದಾಜು ನಮ್ಮ ಮನೆಯ ಸುರಕ್ಷತೆಯಿಂದ ಬೇರೆಯಲ್ಲ ಎಂಬುದನ್ನು ಈ ಪ್ರಕರಣ ಮನಗಾಣಿಸುತ್ತದೆ.

ಉದ್ಯಾವರದಲ್ಲಿ ಕಾಲಕ್ಕೆ ತಕ್ಕ ಎಚ್ಚರಿಕೆ

ಮೇ ಕೊನೆಯಿಂದ ಜುಲೈ: ಬಿತ್ತನೆ, ಸಸಿಮಡಿ, ನಾಟಿಯ ಕಾಲ. ಲೇಪಿಸಿದ ಬೀಜ ಮತ್ತು ಹರಳುಗಳ ಅಪಾಯ ಈಗ ಹೆಚ್ಚು. ಭಾರೀ ಮಳೆಗೆ ಔಷಧಿ ಗದ್ದೆಯಿಂದ ತೋಡಿಗೆ, ತೋಡಿನಿಂದ ಹೊಳೆಗೆ ಸೇರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್: ಕೊಕ್ಕರೆ, ಬೆಳ್ಳಕ್ಕಿ, ಹುಂಡುಕೋಳಿ, ಗೀಜಗಗಳು ಮರಿಮಾಡುವ ಕಾಲ. ಕಾಳು ತಿನ್ನುವ ಗೀಜಗವೂ ತನ್ನ ಮರಿಗಳಿಗೆ ಹುಳುಗಳನ್ನು ಉಣಿಸುತ್ತದೆ. ಎಲೆ ಸುರುಳಿ ಹುಳು, ಕಾಂಡ ಕೊರಕಗಳಿಗೆ ಸಿಂಪಡಿಸುವ ಕಾಲವೂ ಇದೇ ಆಗಿರುವುದರಿಂದ ಅಪಾಯ ಇಮ್ಮಡಿಯಾಗುತ್ತದೆ.

ಸೆಪ್ಟೆಂಬರ್‌ನಿಂದ ನವೆಂಬರ್: ತೆನೆ ಮಾಗಿ ಕೊಯ್ಲಾಗುವ ಕಾಲ. ಇಲಿ, ರಾಟವಾಳ, ನವಿಲಿನ ಕಾಟ ಹೆಚ್ಚು. ಇಲಿ ಪಾಷಾಣದ ಬಳಕೆಯೂ ಹೆಚ್ಚುವುದರಿಂದ ಗೂಬೆ, ಬೆಕ್ಕು, ಮುಂಗುಸಿಗಳ ಕುರಿತು ಎಚ್ಚರವಿರಬೇಕು.

ನವೆಂಬರ್‌ನಿಂದ ಮೇ: ದ್ವಿದಳ ಧಾನ್ಯ ಮತ್ತು ತರಕಾರಿಯ ಕಾಲ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮಟ್ಟುಗುಳ್ಳಕ್ಕೆ ಕುಡಿ ಮತ್ತು ಕಾಯಿ ಕೊರಕವೇ ಮುಖ್ಯ ಶತ್ರು. ಪದೇ ಪದೇ ಸಿಂಪಡಿಸುವ ಬೆಳೆಯಾದ್ದರಿಂದ ಶೇಷ ಇಳಿಯುವ ಮೊದಲೇ ಮತ್ತೆ ಸೇರುತ್ತದೆ. ವಲಸೆ ಬಂದ ಕುಂಡೆಕುಸ್ಕ ಮತ್ತು ಉಲ್ಲಂಕಿಗಳು ಈ ತಿಂಗಳುಗಳಲ್ಲಿ ಗದ್ದೆ ಮತ್ತು ಹೊಳೆಯ ಅಂಚಿನಲ್ಲಿ ಮೇಯುತ್ತವೆ.

ಸಿಂಪಡಿಸುವ ಮೊದಲು ಐದು ಪ್ರಶ್ನೆಗಳು

1. ಗದ್ದೆಗೆ ಯಾವ ಜೀವಿಗಳು ಬರುತ್ತಿವೆ? ಮೂರು ದಿನ ಬೆಳಿಗ್ಗೆ ಮತ್ತು ಸಂಜೆ ಹದಿನೈದು ನಿಮಿಷ ಗಮನಿಸಿ. ಕಾಳು ತಿನ್ನುವವು, ಹುಳು ತಿನ್ನುವವು, ಇಲಿ ತಿನ್ನುವವು, ಹುಲ್ಲು ತಿನ್ನುವವು ಎಂದು ಬರೆದಿಟ್ಟುಕೊಳ್ಳಿ.
2. ಔಷಧಿಯ ರೂಪ ಯಾವುದು? ಹರಳು, ಲೇಪಿಸಿದ ಬೀಜ ಮತ್ತು ತೆರೆದ ಪಾಷಾಣಗಳು ಹಕ್ಕಿಗೆ ನೇರ ಆಹಾರವಾಗುವಂಥವು.
3. ಡಬ್ಬಿಯ ಜೊತೆಗಿನ ಮಾಹಿತಿ ಪತ್ರದಲ್ಲಿ ಹಕ್ಕಿ, ಮೀನು, ಜೇನಿನ ಕುರಿತು ಏನಿದೆ? ತ್ರಿಕೋನವನ್ನಷ್ಟೇ ನೋಡಿ ನಿಲ್ಲಿಸಬೇಡಿ.
4. ಆ ಜೀವಿಯ ಹೊಟ್ಟೆಗೆ ಎಷ್ಟು ಸೇರಬಹುದು? ಮೇಲಿನ ಲೆಕ್ಕವನ್ನು ಸ್ವತಃ ಅಥವಾ ವಿಸ್ತರಣಾ ಕಾರ್ಯಕರ್ತರ ನೆರವಿನಿಂದ ಮಾಡಿ.
5. ಗೂಡು, ಹೊಳೆ, ತೋಡು, ಬಾವಿ, ಕೊಟ್ಟಿಗೆ ಎಷ್ಟು ದೂರದಲ್ಲಿವೆ? ಒಂದೆರಡು ದಿನಗಳಲ್ಲಿ ಮಳೆಯ ಸೂಚನೆ ಇದೆಯೇ?

ಹಕ್ಕಿಗೆ ಹೆಚ್ಚು ವಿಷಕಾರಿಯಾದ ಔಷಧಿ, ಜೀವಿಗೆ ನೇರ ಆಹಾರವಾಗುವ ರೂಪ, ಮರಿಮಾಡುವ ಕಾಲ ಇವುಗಳಲ್ಲಿ ಎರಡು ಕೂಡಿ ಬಂದರೆ ಬೇರೆ ಕ್ರಮ ಹುಡುಕುವುದು ವಿವೇಕ.

ಅಪಾಯ ತಗ್ಗಿಸುವ ಕ್ರಮಗಳು

- ಹುಳು ಕಂಡೊಡನೆ ಸಿಂಪಡಿಸದೆ ಹಾನಿಯ ಮಟ್ಟ ನೋಡಿ. ಕಾಂಡ ಕೊರಕದಲ್ಲಿ ಒಣ ಸುಳಿ ಶೇ. 5ರಿಂದ 10 ತಲುಪಿದಾಗ ಮಾತ್ರ ಔಷಧಿಯ ವಿಚಾರ ಮಾಡಿ.
- ಕಂದು ಜಿಗಿಹುಳುವಿಗೆ ಮೊದಲು ಗದ್ದೆಯ ನೀರು ಬಸಿಯಿರಿ, ಸಾರಜನಕ ಗೊಬ್ಬರವನ್ನು ಮಿತಗೊಳಿಸಿ.
- ಗುಳ್ಳದಲ್ಲಿ ಬಾಡಿದ ಕುಡಿ ಮತ್ತು ಕೊರೆದ ಕಾಯಿಗಳನ್ನು ಕಿತ್ತು ನಾಶಪಡಿಸಿ. ಮೋಹಕ ಬಲೆಗಳನ್ನು ಬಳಸಿ.
- ಹುಳು ಹೆಕ್ಕಲೆಂದು ಗದ್ದೆಯಲ್ಲಿ ಹಕ್ಕಿ ಕೂರುವ ಕವಲುಗಳನ್ನು ನೆಟ್ಟಿದ್ದರೆ, ಹಕ್ಕಿಗೆ ವಿಷಕಾರಿಯಾದ ಔಷಧಿಯನ್ನು ಅಲ್ಲಿ ಬಳಸಬೇಡಿ. ಅನಿವಾರ್ಯವಾದರೆ ಮೊದಲು ಕವಲುಗಳನ್ನು ತೆಗೆಯಿರಿ. ಕರೆದು ವಿಷ ಉಣಿಸಿದಂತಾಗಬಾರದು.
- ಲೇಪಿಸಿದ ಬೀಜವನ್ನು ಮಣ್ಣಿನಿಂದ ಪೂರ್ತಿ ಮುಚ್ಚಿ. ಚೆಲ್ಲಿದ್ದನ್ನು ಗುಡಿಸಿ ಆಳವಾಗಿ ಹೂಳಿ. ಉಳಿದ ಬೀಜವನ್ನು ಕೋಳಿಗೆ ಹಾಕಬೇಡಿ, ಅಡುಗೆಗೂ ಬಳಸಬೇಡಿ.
- ಇಲಿ ಬಿಲಗಳನ್ನು ಸಂಜೆ ಮುಚ್ಚಿ, ಮರುದಿನ ತೆರೆದ ಬಿಲಗಳಲ್ಲಿ ಮಾತ್ರ ಪಾಷಾಣವನ್ನು ಒಳಗಿಟ್ಟು ಬಾಯಿ ಮುಚ್ಚಿ. ಸತ್ತ ಇಲಿಗಳನ್ನು ಪ್ರತಿದಿನ ಹುಡುಕಿ ಹೂಳಿ. ಯಾಂತ್ರಿಕ ಬೋನುಗಳಿಗೆ ಆದ್ಯತೆ ಕೊಡಿ.
- ಹೊಳೆ, ತೋಡಿನ ಅಂಚಿನಲ್ಲಿ ಸಿಂಪಡಿಸದ ಪಟ್ಟಿಯೊಂದನ್ನು ಬಿಡಿ. ಸಿಂಪಡಿಸಿದ ಗದ್ದೆಯ ನೀರನ್ನು ಕೆಲವು ದಿನ ಹೊರಬಿಡಬೇಡಿ.
- ಸಿಂಪಡಿಸಿದ ಬದುವಿನ ಹುಲ್ಲನ್ನು ಮಾಹಿತಿ ಪತ್ರದಲ್ಲಿನ ಅವಧಿ ಮುಗಿಯುವವರೆಗೆ ದನಗಳಿಗೆ ಕೊಯ್ಯಬೇಡಿ.
- ಪಂಪನ್ನು ಹೊಳೆ ಅಥವಾ ಬಾವಿಕಟ್ಟೆಯಲ್ಲಿ ತೊಳೆಯಬೇಡಿ. ಡಬ್ಬಿಯನ್ನು ಮೂರು ಬಾರಿ ತೊಳೆದು ಆ ನೀರನ್ನು ಪಂಪಿಗೇ ಸುರಿಯಿರಿ. ಡಬ್ಬಿಗೆ ತೂತು ಮಾಡಿ.

ನವಿಲಿನ ಕಾಟ ಮತ್ತು ಕಾನೂನು

ಕರಾವಳಿಯ ಗದ್ದೆ ಮತ್ತು ತರಕಾರಿ ತೋಟಗಳಲ್ಲಿ ನವಿಲಿನ ಹಾವಳಿ ನಿಜವಾದ ಸಮಸ್ಯೆ. ರೈತರ ಸಿಟ್ಟು ಅರ್ಥವಾಗುವಂಥದ್ದು. ಆದರೆ ಕಾಳಿಗೆ ಕೀಟನಾಶಕ ಬೆರೆಸಿ ಇಡುವುದು ಪರಿಹಾರವಲ್ಲ. ಆ ಕಾಳನ್ನು ನವಿಲೊಂದೇ ತಿನ್ನುವುದಿಲ್ಲ. ನೆರೆಮನೆಯ ಕೋಳಿಯೂ ಪಾರಿವಾಳವೂ ತಿನ್ನುತ್ತವೆ, ಸತ್ತ ಹಕ್ಕಿಯನ್ನು ತಿಂದ ನಾಯಿಯೂ ಸಾಯಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ವಿಷವಿಡುವುದೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ನವಿಲು ಮೊದಲನೆಯ ಅನುಸೂಚಿಯ ಹಕ್ಕಿ. ಅದನ್ನು ಕೊಂದರೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ ವಿಧಿಸಬಹುದು. ಬಲೆ ಹೊದಿಸುವುದು, ಹೊಳೆಯುವ ಪಟ್ಟಿ ಕಟ್ಟುವುದು, ಸಸಿಮಡಿಯನ್ನು ಮನೆಯ ಹತ್ತಿರ ಹಾಕುವುದು, ಒಂದು ಬೈಲಿನ ರೈತರೆಲ್ಲರೂ ಒಂದೇ ಸಮಯದಲ್ಲಿ ಬಿತ್ತಿ ನಷ್ಟವನ್ನು ಹಂಚಿಕೊಳ್ಳುವುದು ಸಾಧ್ಯವಿರುವ ಮಾರ್ಗಗಳು.

ಸತ್ತ ಅಥವಾ ಅಸ್ವಸ್ಥ ಜೀವಿ ಕಂಡಾಗ

ರೆಕ್ಕೆ ಜೋಲುವುದು, ಜೊಲ್ಲು, ನಡುಕ, ಹಾರಲಾಗದಿರುವುದು ನರಗಳ ವಿಷದ ಲಕ್ಷಣಗಳು. ಮೂಗು, ಬಾಯಿಯಿಂದ ರಕ್ತಸ್ರಾವ ಇಲಿ ಪಾಷಾಣದ ಸೂಚನೆ ಆಗಿರಬಹುದು. ಹಕ್ಕಿಜ್ವರದ ಸಾಧ್ಯತೆಯೂ ಇರುವುದರಿಂದ ಬರಿಗೈಯಿಂದ ಮುಟ್ಟಬೇಡಿ. ಸ್ಥಳದ ಚಿತ್ರ ತೆಗೆದು, ದಿನಾಂಕ, ಸಂಖ್ಯೆ, ಹತ್ತಿರದ ಗದ್ದೆಯಲ್ಲಿ ಬಳಸಿದ ಔಷಧಿಯನ್ನು ಬರೆದುಕೊಂಡು ಅರಣ್ಯ ಇಲಾಖೆ ಮತ್ತು ಪಶುವೈದ್ಯರಿಗೆ ತಿಳಿಸಿ. ಜಾನುವಾರು ಅಸ್ವಸ್ಥವಾದರೆ ಪಶುಸಂಗೋಪನಾ ಸಹಾಯವಾಣಿ 1962ಕ್ಕೆ ಕರೆ ಮಾಡಿ, ವೈದ್ಯರಿಗೆ ಔಷಧಿಯ ಡಬ್ಬಿ ಅಥವಾ ಮಾಹಿತಿ ಪತ್ರ ತೋರಿಸಿ. ಸರಿಯಾದ ಪ್ರತಿವಿಷ ಕೊಡಲು ಅದು ಅತ್ಯಗತ್ಯ.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮಸಭೆ ಅಥವಾ ತರಬೇತಿಯಲ್ಲಿ ತ್ರಿಕೋನದ ಬಣ್ಣಗಳನ್ನು ವಿವರಿಸುವಾಗ ಅದು ಸಸ್ತನಿಯ ಅಳತೆ ಎಂಬುದನ್ನು ತಪ್ಪದೆ ಹೇಳಬೇಕು. ಒಂದು ಬೈಲನ್ನು ಆರಿಸಿ, ಮೇಲಿನ ಐದು ಪ್ರಶ್ನೆಗಳಿಗೆ ರೈತರಿಂದಲೇ ಉತ್ತರ ಬರೆಸಿ, ಸ್ಥಳೀಯವಾಗಿ ಮಾರಾಟವಾಗುವ ಔಷಧಿಗಳ ಹಕ್ಕಿ ವಿಷತ್ವದ ಪಟ್ಟಿ ತಯಾರಿಸಬಹುದು. ಹಳೆಯ ಕೈಪಿಡಿಗಳಲ್ಲಿ ಫೋರೇಟ್, ಮೊನೊಕ್ರೊಟೊಫಾಸ್, ಟ್ರೈಅಜೋಫಾಸ್‌ಗಳ ಶಿಫಾರಸು ಇನ್ನೂ ಉಳಿದಿರಬಹುದು. ಫೋರೇಟ್ ಮತ್ತು ಟ್ರೈಅಜೋಫಾಸ್ 2020ರ ಕೊನೆಯಿಂದ ನಿಷೇಧಿತ. ಮೊನೊಕ್ರೊಟೊಫಾಸ್ ಶೇ. 36ರ ದ್ರಾವಣವನ್ನು ಹಿಂತೆಗೆದುಕೊಳ್ಳಲು 2023ರಲ್ಲಿ ಆದೇಶವಾಗಿದೆ. ಅಂಥ ಪುಟಗಳನ್ನು ರೈತರ ಕೈಗೆ ಕೊಡಬಾರದು. ಬೆಳೆವಾರು ಸದ್ಯದ ಶಿಫಾರಸುಗಳಿಗೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರ್ (1800-180-1551) ಅನ್ನು ಸಂಪರ್ಕಿಸಬಹುದು.

ನೆನಪಿಡಬೇಕಾದ ಅಂಶಗಳು

- ತ್ರಿಕೋನದ ಬಣ್ಣ ಇಲಿಯ ಅಳತೆ. ಹಕ್ಕಿಯ ವಿಷತ್ವವನ್ನು ಪ್ರತ್ಯೇಕವಾಗಿ ನೋಡಬೇಕು.
- ವಿಷದ ತೀವ್ರತೆ ಮತ್ತು ಸೇವನೆಯ ಪ್ರಮಾಣ ಎರಡೂ ಕೂಡಿದಾಗ ಅಪಾಯ. ಸೇವನೆಯನ್ನು ತಗ್ಗಿಸುವುದು ರೈತರ ಕೈಯಲ್ಲಿದೆ.
- ಹರಳು, ಲೇಪಿಸಿದ ಬೀಜ, ತೆರೆದ ಪಾಷಾಣ ಇವು ಹೆಚ್ಚು ಅಪಾಯದ ರೂಪಗಳು.
- ಹಕ್ಕಿಗೆ ಸುರಕ್ಷಿತವಾದದ್ದು ಮೀನು ಮತ್ತು ಸಿಗಡಿಗೆ ಸುರಕ್ಷಿತವಾಗಿರಬೇಕೆಂದಿಲ್ಲ.
- ಗದ್ದೆಯಲ್ಲಿ ಸತ್ತು ಬಿದ್ದ ಹಕ್ಕಿಯನ್ನು ಬದಿಗೆ ಎಸೆದು ಮರೆಯಬೇಡಿ. ಅದೇ ಗದ್ದೆಯ ಹುಲ್ಲು ಹಸುವಿಗೆ, ಅದೇ ತೋಡಿನ ನೀರು ಹೊಳೆಗೆ ಹೋಗುತ್ತದೆ.